ಜೀವಮಾಹಿತಿಯ ಮುಕ್ತ ತಂತ್ರಾಂಶ: ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸಗಳು

ಹೊಸೂರಿಗೂ ರಾಯಕೋಟೆಗೂ ನಡುವಣ ಉದ್ದನಪಲ್ಲಿಯ ಸುತ್ತಮುತ್ತಲ ಹಳ್ಳಿಗಳಲ್ಲಿ, ರಾಗಿ, ಟೊಮೇಟೊ, ಅವರೆ, ಮಾವುಗಳನ್ನು ಬೆಳೆಯುವ ಮನೆತನಗಳಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ತೆಲುಗನ್ನೂ ಕಚೇರಿಗಳಲ್ಲಿ ತಮಿಳನ್ನೂ ಸಹಜವಾಗಿ ಆಡುತ್ತ ಬೆಳೆದು, ಈಗ ಹೊಸೂರು, ಕೃಷ್ಣಗಿರಿ, ಬೆಂಗಳೂರುಗಳ ಕಾಲೇಜುಗಳಲ್ಲಿ ಜೀವವಿಜ್ಞಾನವನ್ನೋ ಗಣಕ ವಿಜ್ಞಾನವನ್ನೋ ಅಭ್ಯಾಸಮಾಡುತ್ತಿರುವ ತರುಣ ತರುಣಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆದಿದೆ. ವ್ಯಾಸಂಗದ ಕೊನೆಯ ವರ್ಷದಲ್ಲಿ ಅವರೆಲ್ಲರೂ ಒಂದು ‘ಪ್ರಾಜೆಕ್ಟ್’ ಮಾಡಬೇಕಾಗುತ್ತದೆ. ಆ ಕೆಲಸಕ್ಕೆ ಮೂರು ತಿಂಗಳ ಶ್ರಮವೂ, ತಂದೆತಾಯಿಗಳು ಕಷ್ಟಪಟ್ಟು ಹೊಂದಿಸಿದ ಹಣವೂ ವೆಚ್ಚವಾಗಿ, ಕಡೆಗೆ ಅದು ದಪ್ಪ ರಟ್ಟಿನ ಪುಸ್ತಕವಾಗಿ ವಿಭಾಗದ ಬೀರುವನ್ನು ಸೇರಿ, ಪರೀಕ್ಷಕರ ಸಹಿಯ ತರುವಾಯ ಯಾರ ಕೈಗೂ ಸಿಕ್ಕದೆ ಉಳಿದುಬಿಡುವುದನ್ನು ಕಂಡಾಗ ಮನಸ್ಸಿಗೆ ಖೇದವಾಗುತ್ತದೆ. ಅದೇ ಅವಧಿಯಲ್ಲಿ, ಅದೇ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ, ಬೆಂಗಳೂರಿನ ಸಂಶೋಧಕನಿಗೂ ಬ್ರೆಜಿಲ್ಲಿನ ವಿದ್ಯಾರ್ಥಿನಿಗೂ ಒಂದೇ ಸಮನಾಗಿ ಉಪಯೋಗಕ್ಕೆ ಬರತಕ್ಕ ಕೆಲಸವನ್ನು ಮಾಡುವ ದಾರಿಯೊಂದುಂಟು. ಮುಕ್ತ ತಂತ್ರಾಂಶದ ದಾರಿ ಅದು.

ಜೀವಿಗಳ ಡಿಎನ್‌ಎ, ಪ್ರೋಟೀನು ಮೊದಲಾದವುಗಳ ರಚನೆಯನ್ನು ಅಕ್ಷರಗಳ ಅನುಕ್ರಮವಾಗಿ ಬರೆದಿಟ್ಟು, ಆ ಅಕ್ಷರರಾಶಿಯನ್ನು ಕಂಪ್ಯೂಟರಿನ ಮೂಲಕ ಹುಡುಕಿ, ಹೋಲಿಸಿ, ಅದರಿಂದ ಜೀವದ ವ್ಯಾಪಾರವನ್ನು ಊಹಿಸುವ ಶಾಸ್ತ್ರವೇ ಜೀವಮಾಹಿತಿ ವಿಜ್ಞಾನ, ಅಥವಾ ಈಗ ಎಲ್ಲರೂ ಹೇಳುವಂತೆ ಬಯೋಇನ್ಫರ್ಮ್ಯಾಟಿಕ್ಸ್. ಈ ಶಾಸ್ತ್ರದಲ್ಲಿ ದತ್ತಾಂಶವೂ ಸಾಧನವೂ ಬಹುಮಟ್ಟಿಗೆ ಸರ್ವರಿಗೂ ತೆರೆದಿರುವುದು ಬಡ ವಿದ್ಯಾರ್ಥಿಯ ಪಾಲಿನ ದೊಡ್ಡ ಭಾಗ್ಯ. ಅಮೆರಿಕೆಯ ಜೆನ್‌ಬ್ಯಾಂಕ್, ಯೂರೋಪಿನ ಇಎಂಬಿಎಲ್ ಸಂಗ್ರಹ, ಜಪಾನಿನ ಡಿಡಿಬಿಜೆ ಎಂಬ ಮೂರು ಭಂಡಾರಗಳು ಪರಸ್ಪರ ಒಪ್ಪಂದದಿಂದ ಒಂದೇ ಸಂಪತ್ತನ್ನು ಹಂಚಿಕೊಂಡು, ಜಗತ್ತಿನ ಪ್ರಯೋಗಶಾಲೆಗಳು ಪ್ರಕಟಿಸಿದ ಅನುಕ್ರಮಗಳನ್ನು ಯಾವ ಶುಲ್ಕವೂ ಇಲ್ಲದೆ ಒದಗಿಸುತ್ತವೆ. ಅವುಗಳನ್ನು ಓದುವ ತಂತ್ರಾಂಶಗಳ ಪೈಕಿ ಬಹುಪಾಲು ಮೂಲ ಕೋಡ್ ಸಹಿತವಾಗಿ ದೊರೆಯುತ್ತದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಮರಳಿ ಸಮರ್ಪಿಸಬಹುದು.

ಈ ವಿದ್ಯೆ ನಮ್ಮ ನೆಲಕ್ಕೆ ಹೊರಗಿನದೆಂದು ಭಾವಿಸಬೇಕಾಗಿಲ್ಲ. ಪ್ರೋಟೀನಿನ ಸರಪಳಿ ಯಾವ ಯಾವ ಕೋನಗಳಲ್ಲಿ ಬಾಗಬಲ್ಲದು, ಯಾವ ಕೋನಗಳಲ್ಲಿ ಬಾಗಲಾರದು ಎಂಬುದನ್ನು ಒಂದೇ ಚಿತ್ರದಲ್ಲಿ ತೋರಿಸಿಕೊಟ್ಟ ಜಿ. ಎನ್. ರಾಮಚಂದ್ರನ್ ಅವರು ತಮ್ಮ ಸಹೋದ್ಯೋಗಿಗಳಾದ ರಾಮಕೃಷ್ಣನ್, ಶಶಿಶೇಖರನ್ ಅವರೊಡನೆ 1963ರಲ್ಲಿ ಆ ಕೆಲಸವನ್ನು ಪ್ರಕಟಿಸಿದ್ದು ಮದರಾಸು ವಿಶ್ವವಿದ್ಯಾಲಯದಿಂದ. ಮುಂದೆ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಇಂದು ಹೊಸೂರಿನಿಂದ ಬೆಂಗಳೂರಿನ ಕಡೆಗೆ ಹೊರಟ ಬಸ್ಸು ಎಲೆಕ್ಟ್ರಾನಿಕ್ ಸಿಟಿಯನ್ನು ಹಾದುಹೋಗುವಾಗ, ಅಲ್ಲಿಯೇ ಐಬ್ಯಾಬ್ ಎಂದು ಪ್ರಸಿದ್ಧವಾದ, 2001ರಲ್ಲಿ ಸ್ಥಾಪಿತವಾದ ಜೀವಮಾಹಿತಿ ಹಾಗೂ ಆನ್ವಯಿಕ ಜೈವಿಕ ತಂತ್ರಜ್ಞಾನ ಸಂಸ್ಥೆ ಇದೆ ಎಂಬುದನ್ನು ನಮ್ಮ ಹುಡುಗರಲ್ಲಿ ಎಷ್ಟು ಮಂದಿ ಬಲ್ಲರು? ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರಾಗಿಯ ಜೀನೋಮನ್ನು ಓದಿದ್ದಾರೆ. ಕೃಷ್ಣಗಿರಿಯ ಬಳಿಯ ಪೈಯೂರಿನಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದ್ದು, ಆ ಊರಿನ ಹೆಸರನ್ನೇ ಹೊತ್ತ ರಾಗಿತಳಿಗಳು ಅಲ್ಲಿಂದ ಹೊರಬಂದಿವೆ. ಪ್ರಶ್ನೆ ಕೇಳಲು ತಕ್ಕವರು ಒಂದು ದಿನದ ಪ್ರಯಾಣದ ಒಳಗೇ ಇದ್ದಾರೆ.

ಕೆಲಸದ ವಿಷಯವನ್ನು ಆರಿಸಿಕೊಳ್ಳುವ ಮುನ್ನ, ಹಿಂದೆ ವಿದ್ಯಾರ್ಥಿಗಳು ಮಾಡಿದ ಯಾವ ಕೆಲಸ ಬಾಳಿಕೆ ಬಂದಿದೆ ಎಂಬುದನ್ನು ನೋಡುವುದು ಹಿತ. ಪೈಥಾನ್ ಭಾಷೆಯಲ್ಲಿ ಜೀವಮಾಹಿತಿಯ ಕೆಲಸಕ್ಕೆಂದು 1999ರಲ್ಲಿ ಆರಂಭವಾದ ಬಯೋಪೈಥಾನ್ ಎಂಬ ತಂತ್ರಾಂಶ ಸಮುಚ್ಚಯವೂ, ಅದಕ್ಕಿಂತ ಹಿರಿಯದಾದ ಬಯೋಪರ್ಲ್ ಮೊದಲಾದವೂ ಓಪನ್ ಬಯೋಇನ್ಫರ್ಮ್ಯಾಟಿಕ್ಸ್ ಫೌಂಡೇಶನ್ ಎಂಬ ಸ್ವಯಂಸೇವಕರ ಸಂಸ್ಥೆಯ ಆಶ್ರಯದಲ್ಲಿ ಬೆಳೆದವು. ಗೂಗಲ್ ಸಂಸ್ಥೆ 2005ರಿಂದ ನಡೆಸಿಕೊಂಡು ಬಂದಿರುವ ‘ಸಮ್ಮರ್ ಆಫ್ ಕೋಡ್’ ಯೋಜನೆಯಲ್ಲಿ, 2009ರ ಬೇಸಗೆಯಲ್ಲಿ, ಎರಿಕ್ ಟಾಲೆವಿಚ್ ಎಂಬ ವಿದ್ಯಾರ್ಥಿ, ವಂಶವೃಕ್ಷಗಳನ್ನು ಬರೆದಿಡುವ ಒಂದು ಕಡತಮಾದರಿಯನ್ನು ಬಯೋಪೈಥಾನ್ ಓದುವಂತೆ ಮಾಡುವ ಕೆಲಸಕ್ಕೆ ಕೈಹಾಕಿದನು. ಅದು ಬೆಳೆದು ಬಯೋ.ಫೈಲೋ ಎಂಬ ಭಾಗವಾಯಿತು; 2012ರಲ್ಲಿ ಶಾಸ್ತ್ರಪತ್ರಿಕೆಯಲ್ಲಿ ಪ್ರಬಂಧವಾಗಿಯೂ ಪ್ರಕಟವಾಯಿತು; ಇಂದಿಗೂ ಬಳಕೆಯಲ್ಲಿದೆ. 2012ರಲ್ಲಿ ಇನ್ನೊಬ್ಬ ವಿದ್ಯಾರ್ಥಿ, ವಿಬೋವೊ ಅರಿಂದ್ರಾರ್ತೊ, ಅನುಕ್ರಮಗಳನ್ನು ಹುಡುಕುವ ಬ್ಲಾಸ್ಟ್ ಮೊದಲಾದ ಶೋಧಕಗಳು ಬೇರೆ ಬೇರೆ ರೀತಿಯಲ್ಲಿ ಕೊಡುವ ಫಲಿತಾಂಶಗಳನ್ನು ಒಂದೇ ಬಗೆಯಲ್ಲಿ ಓದಿಸುವ ಭಾಗವನ್ನು ರಚಿಸಿದನು, ಅದೂ ಉಳಿದಿದೆ. ಇವರಿಬ್ಬರಲ್ಲಿ ಯಾರೂ ಹೊಸ ಹೆಸರಿನ, ಹೊಸ ಚಿಹ್ನೆಯ ಮಹಾತಂತ್ರಾಂಶವನ್ನು ನಿರ್ಮಿಸಹೊರಡಲಿಲ್ಲ. ಸಾವಿರಾರು ಜನ ಆಗಲೇ ಬಳಸುತ್ತಿದ್ದ ವಸ್ತುವಿನಲ್ಲಿ ಇದ್ದ ಒಂದು ಕೊರತೆಯನ್ನು ಗುರುತಿಸಿ, ಅದನ್ನು ಪೂರ್ಣವಾಗಿ, ಪರೀಕ್ಷೆಗಳ ಸಹಿತ, ವಿವರಣೆಯ ಸಹಿತ ತುಂಬಿದರು. ಆದಕಾರಣ ನಮ್ಮ ವಿದ್ಯಾರ್ಥಿಗಳಿಗೆ ನಾನು ಹೇಳಬಯಸುವುದು ಇಷ್ಟೆ: ಪ್ರಶ್ನೆ ನಿಮ್ಮ ಹೊಲದಿಂದ ಬರಲಿ, ಕೆಲಸ ಚಿಕ್ಕದಾಗಿರಲಿ, ಆದರೆ ಅದು ಮುಗಿದ ಕೆಲಸವಾಗಿರಲಿ.

ಹೊಲದಿಂದ ಬರುವ ಪ್ರಶ್ನೆಗೆ ಟೊಮೇಟೊ ಅತ್ಯುತ್ತಮ ಉದಾಹರಣೆ. ರಾಯಕೋಟೆಯ ಟೊಮೇಟೊ ಮಾರುಕಟ್ಟೆಯನ್ನು ನಂಬಿ ಬದುಕುವ ಈ ಸೀಮೆಯ ರೈತನಿಗೆ ಎಲೆ ಮುಟುರು ರೋಗವನ್ನು ಪರಿಚಯಿಸಿಕೊಡಬೇಕಾದ ಅಗತ್ಯವಿಲ್ಲ. ಬಿಳಿ ನೊಣ ಹರಡುವ ವೈರಸ್ಸಿನಿಂದ ಎಳೆಯ ಎಲೆಗಳು ಮೇಲಕ್ಕೆ ಸುರುಟಿಕೊಂಡು, ಗಿಡ ಗಿಡ್ಡಾಗಿ, ಹೂ ಕಾಯಿಕಟ್ಟದೆ ಹೋಗುತ್ತದೆ. ಈ ವೈರಸ್ಸುಗಳ ಗುಂಪಿನಲ್ಲಿ ಒಂದಕ್ಕೆ ಶಾಸ್ತ್ರವೇ ‘ಟೊಮೇಟೊ ಲೀಫ್ ಕರ್ಲ್ ಬ್ಯಾಂಗಲೋರ್ ವೈರಸ್’ ಎಂದು ಹೆಸರಿಟ್ಟಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿ. ಮುನಿಯಪ್ಪ ಅವರೂ ಅವರ ಸಂಗಡಿಗರೂ ಇದನ್ನು ದೀರ್ಘಕಾಲ ಅಭ್ಯಾಸಮಾಡಿ, 2000ದಲ್ಲಿ ಬೆಂಗಳೂರಿನ ಮಾದರಿಯ ಅನುಕ್ರಮವನ್ನು ಇತರ ಭಾರತೀಯ ಮಾದರಿಗಳೊಡನೆ ಹೋಲಿಸಿ ಪ್ರಕಟಿಸಿದರು. ಸಂಕ್ರಾಂತಿ, ನಂದಿ, ವೈಭವ ಎಂಬ ರೋಗಸಹಿಷ್ಣು ತಳಿಗಳು ಬಂದದ್ದು ಇದೇ ಪರಿಶ್ರಮದಿಂದ. ಈ ವೈರಸ್ಸಿನ ಇಡೀ ಜೀನೋಮು ಸುಮಾರು 2,700 ಅಕ್ಷರಗಳಷ್ಟೆ. ಮಾನವನ ಜೀನೋಮಿನ ಮುನ್ನೂರು ಕೋಟಿ ಅಕ್ಷರಗಳ ಎದುರಿನಲ್ಲಿ ಇದು ಒಂದೆರಡು ಪುಟಗಳಲ್ಲಿ ಅಚ್ಚಾಗಿಬಿಡುವಷ್ಟು ಅಲ್ಪವಾದುದರಿಂದ, ಇಂಥ ನೂರಾರು ಜೀನೋಮುಗಳನ್ನು ಸಾಧಾರಣ ಕಂಪ್ಯೂಟರು ಅನಾಯಾಸವಾಗಿ ನಿರ್ವಹಿಸಬಲ್ಲದು. ಪರಿಮಿತ ಸಾಧನವುಳ್ಳ ವಿದ್ಯಾರ್ಥಿಗೆ ಇದಕ್ಕಿಂತ ಅನುಕೂಲವಾದ ಕ್ಷೇತ್ರ ಮತ್ತೊಂದಿಲ್ಲ.

ಇಲ್ಲಿ ಮಾಡತಕ್ಕ ಕೆಲಸ ಯಾವುದು? ಈ ವೈರಸ್ಸಿನ ಡಿಎನ್‌ಎ ವರ್ತುಲಾಕಾರದ್ದು. ಅದಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಆದರೆ ಕಡತದಲ್ಲಿ ಬರೆಯುವಾಗ ಎಲ್ಲಿಂದಲಾದರೂ ಆರಂಭಿಸಲೇಬೇಕು. ಬೆಗೊಮೊವೈರಸ್ ಎಂಬ ಈ ಕುಲದ ವೈರಸ್ಸುಗಳಲ್ಲೆಲ್ಲ ಟಿ-ಎ-ಎ-ಟಿ-ಎ-ಟಿ-ಟಿ-ಎ-ಸಿ ಎಂಬ ಒಂಬತ್ತು ಅಕ್ಷರಗಳ ಒಂದು ಗುರುತು ಇದ್ದು, ಅದರ ಏಳನೆಯ ಮತ್ತು ಎಂಟನೆಯ ಅಕ್ಷರಗಳ ನಡುವೆ ವೈರಸ್ಸು ತನ್ನ ಪ್ರತಿಯನ್ನು ಮಾಡಿಕೊಳ್ಳಲು ಎಳೆಯನ್ನು ತುಂಡರಿಸುತ್ತದೆ. ಆ ಸ್ಥಾನವನ್ನೇ ಒಂದನೆಯ ಅಕ್ಷರದ ಆರಂಭವೆಂದು ಎಣಿಸುವುದು ವಿದ್ವಾಂಸರ ರೂಢಿ. ಹಾಗಿದ್ದರೂ ಬೇರೆ ಬೇರೆ ಪ್ರಯೋಗಶಾಲೆಗಳು ಬೇರೆ ಬೇರೆ ಕಿಣ್ವಗಳಿಂದ ವರ್ತುಲವನ್ನು ಕತ್ತರಿಸಿ ಓದುವುದರಿಂದ, ಹಾಗೆ ಓದಿದ ಅನುಕ್ರಮಗಳು ಬೇರೆ ಬೇರೆ ಸ್ಥಾನದಿಂದ ಆರಂಭವಾಗುತ್ತವೆ; ಅವುಗಳನ್ನು ಸರಿಪಡಿಸದೆ ಹಾಗೆಯೇ ಹೋಲಿಸಿದರೆ ಒಂದೇ ವೈರಸ್ಸಿನ ಎರಡು ಪ್ರತಿಗಳು ಬೇರೆ ವೈರಸ್ಸುಗಳಂತೆ ತೋರುತ್ತವೆ. ಎಲ್ಲ ಅನುಕ್ರಮಗಳನ್ನೂ ತಿರುಗಿಸಿ ಒಂದೇ ಬಿಂದುವಿನಿಂದ ಆರಂಭವಾಗುವಂತೆ ಮಾಡುವ, ಬಯೋಪೈಥಾನಿನ ಮೇಲೆ ನಿಂತ, ಶುದ್ಧವಾದ ಒಂದು ಚಿಕ್ಕ ಸಾಧನ ವಿದ್ಯಾರ್ಥಿಯ ಕೈಗೆ ಎಟಕುವಂಥದ್ದು.

ಮೇಲುನೋಟಕ್ಕೆ ಅರ್ಧ ದಿನದ ಕೆಲಸದಂತೆ ಕಾಣುವ ಇದರಲ್ಲಿ ಮೂರು ತಿಂಗಳ ಶಿಕ್ಷಣವಿದೆ. ಒಂಬತ್ತು ಅಕ್ಷರಗಳ ಗುರುತು ಕಡತದ ಕೊನೆಯಲ್ಲಿ ಅರ್ಧವೂ ಮೊದಲಿನಲ್ಲಿ ಅರ್ಧವೂ ಒಡೆದುಹೋಗಿದ್ದರೆ ಸಾಧಾರಣ ಹುಡುಕಾಟಕ್ಕೆ ಅದು ಸಿಕ್ಕುವುದಿಲ್ಲ. ಮೊದಲ ಎಂಟು ಅಕ್ಷರಗಳನ್ನು ಕೊನೆಗೆ ಜೋಡಿಸಿ ಹುಡುಕಬೇಕು. ಕೆಲವರು ಎದುರು ಎಳೆಯ ಅನುಕ್ರಮವನ್ನು ಸಲ್ಲಿಸಿರಬಹುದು. ಆಗ ಜಿ-ಟಿ-ಎ-ಎ-ಟಿ-ಎ-ಟಿ-ಟಿ-ಎ ಎಂಬುದನ್ನು ಅರಸಿ, ಸಿಕ್ಕಿದರೆ ಇಡೀ ಅನುಕ್ರಮವನ್ನು ತಿರುವಿ ಪೂರಕವಾಗಿ ಬರೆದುಕೊಳ್ಳಬೇಕು. ಗುರುತು ಎರಡು ಕಡೆ ಕಂಡರೆ ಏನು ಮಾಡುವುದು? ಓದಲಾಗದ ಅಕ್ಷರವೊಂದು ಅದರ ಮಧ್ಯದಲ್ಲಿಯೇ ಬಿದ್ದಿದ್ದರೆ? ಅನುಕ್ರಮವು ಪೂರ್ಣ ಜೀನೋಮಾಗಿರದೆ ತುಣುಕಾಗಿದ್ದರೆ ಅದನ್ನು ತಿರುಗಿಸುವುದೇ ತಪ್ಪಾದುದರಿಂದ, ತಂತ್ರಾಂಶವು ಮೌನವಾಗಿ ಮುಂದುವರಿಯದೆ ಎಚ್ಚರಿಕೆ ಕೊಡಬೇಡವೇ? ಜೀನುಗಳ ಸ್ಥಾನಗಳನ್ನು ಹೇಳುವ ಟಿಪ್ಪಣಿಗಳೂ ಅನುಕ್ರಮದೊಡನೆಯೇ ಸರಿಯಬೇಕು. ಅವುಗಳಲ್ಲಿ ಯಾವುದಾದರೊಂದು ಜೀನು ಹೊಸ ಆರಂಭಬಿಂದುವನ್ನು ದಾಟಿ ಹಾಯುತ್ತಿದ್ದರೆ ಅದನ್ನು ಎರಡು ಖಂಡಗಳಾಗಿ ಬರೆಯಬೇಕು. ತಿರುಗಿಸಿದ ಮೇಲೂ ಉದ್ದ ಬದಲಾಗಬಾರದು. ಎಳೆಯನ್ನು ಬದಲಿಸದಿದ್ದಲ್ಲಿ ಪ್ರತಿಯೊಂದು ಅಕ್ಷರದ ಸಂಖ್ಯೆಯೂ ಬದಲಾಗಬಾರದು. ಒಮ್ಮೆ ತಿರುಗಿಸಿದ್ದನ್ನು ಮತ್ತೆ ತಿರುಗಿಸಿದರೆ ಏನೂ ಆಗಬಾರದು. ಇವೇ ಪರೀಕ್ಷೆಗಳು. ಇಂಥ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆದು, ಪ್ರತಿಯೊಂದಕ್ಕೂ ಪರೀಕ್ಷೆಯನ್ನು ಜೋಡಿಸಿದ ವಿದ್ಯಾರ್ಥಿ ಪಠ್ಯಪುಸ್ತಕ ಹೇಳಿಕೊಡಲಾರದ ವಿವೇಕವನ್ನು ಗಳಿಸಿರುತ್ತಾನೆ.

ಇದನ್ನು ಮುಗಿಸಿದವರಿಗೆ ಮುಂದಿನ ಮೆಟ್ಟಿಲು ತಾನಾಗಿ ತೆರೆದುಕೊಳ್ಳುತ್ತದೆ. ಎರಡು ಬೆಗೊಮೊವೈರಸ್ಸುಗಳ ಅನುಕ್ರಮಗಳು ಶೇಕಡ 91ಕ್ಕಿಂತ ಕಡಿಮೆ ಹೋಲುತ್ತಿದ್ದರೆ ಅವನ್ನು ಬೇರೆ ಬೇರೆ ಪ್ರಭೇದಗಳೆಂದು ಪರಿಗಣಿಸುವ ನಿಯಮವನ್ನು ಅಂತಾರಾಷ್ಟ್ರೀಯ ತಜ್ಞರು ಒಪ್ಪಿಕೊಂಡಿದ್ದಾರೆ. ನೂರು ಅನುಕ್ರಮಗಳನ್ನು ತೆಗೆದುಕೊಂಡರೆ 4,950 ಜೋಡಿಗಳಾಗುತ್ತವೆ; ಪ್ರತಿಯೊಂದು ಜೋಡಿಯ ಹೋಲಿಕೆಯನ್ನೂ ಲೆಕ್ಕಹಾಕಿ ಬಣ್ಣದ ಕೋಷ್ಟಕವಾಗಿ ತೋರಿಸುವುದು ಸುಲಭ. ಆದರೆ ಜೋಡಣೆಯಲ್ಲಿ ಉಂಟಾಗುವ ಖಾಲಿ ಸ್ಥಾನಗಳನ್ನು ವ್ಯತ್ಯಾಸವೆಂದು ಎಣಿಸಬೇಕೋ ಬಿಡಬೇಕೋ ಎಂಬುದರ ಮೇಲೆ ಗಡಿಯ ಸಮೀಪದ ಜೋಡಿಗಳ ಭವಿಷ್ಯ ನಿಂತಿರುವುದರಿಂದ, ಎರಡು ಲೆಕ್ಕಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ತೋರಿಸುವ ಸಾಧನ ನಿಜವಾಗಿ ಉಪಯುಕ್ತವಾದೀತು.

ರಾಗಿಯ ವಿಷಯ ಬೇರೆ ಬಗೆಯದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಎಂಎಲ್-365 ಎಂಬ ತಳಿಯ ಜೀನೋಮಿನ ಕರಡು 2017ರಲ್ಲಿ ಪ್ರಕಟವಾದಾಗ, ಅದರಲ್ಲಿ ಸುಮಾರು 120 ಕೋಟಿ ಅಕ್ಷರಗಳನ್ನೂ 85,243 ಜೀನುಗಳನ್ನೂ ಗುರುತಿಸಿದ್ದರು. ಮಾನವನಲ್ಲಿ ಪ್ರೋಟೀನುಗಳನ್ನು ರೂಪಿಸುವ ಜೀನುಗಳು ಸುಮಾರು ಇಪ್ಪತ್ತು ಸಾವಿರ ಮಾತ್ರವೆಂಬುದನ್ನು ಇದರೊಡನೆ ನೆನೆಯಬಹುದು. ಇಷ್ಟು ಸಮೃದ್ಧಿಗೆ ಮುಖ್ಯ ಕಾರಣಗಳಲ್ಲೊಂದು, ರಾಗಿಯು ಎರಡು ಪೂರ್ವಜ ಹುಲ್ಲುಗಳ ಜೀನೋಮುಗಳನ್ನು ಒಟ್ಟಿಗೆ ಹೊತ್ತಿರುವ ಸಸ್ಯ ಎಂಬುದು. ಅದರ 36 ವರ್ಣತಂತುಗಳಲ್ಲಿ ಎರಡು ವಂಶಗಳ ಪಾಲೂ ಇದೆ. ಮಂಡ್ಯದ ವಿ. ಸಿ. ಫಾರಂನಲ್ಲಿ ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರ ಕಾಲದಲ್ಲಿ ಈ ಅಕ್ಷರಗಳನ್ನು ಓದುವ ಉಪಾಯವಿರಲಿಲ್ಲ. ಕಣ್ಣೂ ಕೈಯೂ ಸಹನೆಯೂ ಅವರ ಸಾಧನಗಳಾಗಿದ್ದವು. ಅಷ್ಟು ದೊಡ್ಡ ಜೀನೋಮನ್ನು ತುಣುಕುಗಳಿಂದ ಜೋಡಿಸುವ ಕೆಲಸವನ್ನು ವಿದ್ಯಾರ್ಥಿಯು ತನ್ನ ಲ್ಯಾಪ್‌ಟಾಪಿನಲ್ಲಿ ಕೈಗೊಳ್ಳಬಾರದು. ಅದಕ್ಕೆ ಬೇಕಾದ ಸ್ಮೃತಿಸಾಮರ್ಥ್ಯ ಅದರಲ್ಲಿ ಇರುವುದಿಲ್ಲ. ಅದಕ್ಕೆ ಬದಲಾಗಿ ಪ್ರಕಟವಾದ ಪ್ರೋಟೀನುಗಳ ಕಡತವನ್ನು ಮಾತ್ರ ತೆಗೆದುಕೊಂಡು, ಎರಡು ವಂಶಗಳಿಂದ ಬಂದ ಜೋಡಿಜೀನುಗಳನ್ನು ಪರಸ್ಪರ ಶ್ರೇಷ್ಠ ಹೊಂದಿಕೆಯ ವಿಧಾನದಿಂದ ಗುರುತಿಸುವ ಪ್ರೋಗ್ರಾಮನ್ನು ಬರೆಯಬಹುದು. ಬೆಂಕಿ ರೋಗಕ್ಕೆ ನಿರೋಧವುಳ್ಳ ಜಿಪಿಯು-28 ತಳಿ ನಮ್ಮ ಹೊಲಗಳಲ್ಲಿ ಏಕೆ ಮಾನ್ಯವಾಯಿತೆಂದು ಬಲ್ಲ ರೈತನ ಮಗಳು, ರೋಗನಿರೋಧಕ ಜೀನುಗಳ ಒಂದೇ ಒಂದು ಕುಟುಂಬವನ್ನು ಆರಿಸಿಕೊಂಡು ಅದರ ಜೋಡಿಗಳನ್ನು ಹುಡುಕಿದರೆ, ಆ ಕೆಲಸಕ್ಕೆ ತಕ್ಕ ಗಾತ್ರವೂ ಬರುತ್ತದೆ, ಜೀವವೂ ಬರುತ್ತದೆ.

ಈ ಗಡಿಸೀಮೆಯ ವಿದ್ಯಾರ್ಥಿಗಳಿಗೆ ಮಾತ್ರ ಸಹಜವಾಗಿ ಒದಗಿದ ಇನ್ನೊಂದು ಸಾಮರ್ಥ್ಯವುಂಟು, ಅದು ಬಹುಭಾಷಾಜ್ಞಾನ. ಬೆಳೆಗಳ, ಔಷಧಿ ಗಿಡಗಳ, ಕೀಟಗಳ ಬಗ್ಗೆ ಹಳ್ಳಿಗಳಲ್ಲಿ ಸಂಗ್ರಹಿಸಿದ ಮಾಹಿತಿಯಲ್ಲಿ ಒಂದೇ ಧಾನ್ಯ ಹುರುಳಿಯೆಂದೂ, ಕೊಳ್ಳು ಎಂದೂ, ಉಲವಲು ಎಂದೂ ದಾಖಲಾಗಿರುತ್ತದೆ. ಹಳೆಯ ಗ್ರಂಥಗಳಲ್ಲಿ ಡಾಲಿಕಸ್ ಬೈಫ್ಲೋರಸ್ ಎಂದು ಬರೆದ ಅದರ ಶಾಸ್ತ್ರೀಯ ನಾಮವನ್ನು ಈಗ ಮ್ಯಾಕ್ರೊಟೈಲೋಮ ಯೂನಿಫ್ಲೋರಮ್ ಎಂದು ಬರೆಯುತ್ತಾರೆ. ಈ ಎಲ್ಲ ಹೆಸರುಗಳನ್ನೂ ಜೆನ್‌ಬ್ಯಾಂಕಿನ ವರ್ಗೀಕರಣ ಸಂಖ್ಯೆಗೆ ಜೋಡಿಸಿಕೊಡುವ ಮುಕ್ತ ಕೋಷ್ಟಕವೂ ಅದನ್ನು ಹುಡುಕುವ ಚಿಕ್ಕ ಪ್ರೋಗ್ರಾಮೂ ಇದ್ದರೆ, ಕನ್ನಡದಲ್ಲಿ ಟೈಪ್ ಮಾಡಿದ ಪ್ರಶ್ನೆಗೆ ಜಗತ್ತಿನ ಭಂಡಾರದಿಂದ ಉತ್ತರ ತರಬಹುದು. ಇದರಲ್ಲಿಯೂ ಸೂಕ್ಷ್ಮಗಳಿವೆ. ಯೂನಿಕೋಡಿನಲ್ಲಿ ‘ಕೊಳ್ಳು’ ಎಂಬುದರ ಮೊದಲ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಉಕಾರಗಳ ಚಿಹ್ನೆಗಳನ್ನು ಕೂಡಿಸಿ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡೂ ಬೇರೆ. ಪದಗಳ ನಡುವೆ ಅಡಗಿರುವ ಅದೃಶ್ಯ ಸಂಕೇತಗಳೂ ಇದೇ ಬಗೆಯ ತೊಡಕನ್ನು ತರುತ್ತವೆ. ಹೋಲಿಸುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಪ್ರಮಾಣೀಕರಣದ ಹೆಜ್ಜೆಯನ್ನು ಬಿಟ್ಟರೆ ಹುಡುಕಾಟ ಕಾರಣವಿಲ್ಲದೆ ಸೋಲುತ್ತದೆ. ಅನೇಕ ತಂತ್ರಾಂಶಗಳನ್ನು ರೋಮನ್ ಲಿಪಿಯೊಂದನ್ನೇ ಭಾವಿಸಿ ಬರೆದಿರುವುದರಿಂದ, ಕನ್ನಡ, ತಮಿಳು, ತೆಲುಗು ಹೆಸರುಗಳಿರುವ ಕಡತವನ್ನು ಕೊಟ್ಟು ಅವು ಎಲ್ಲಿ ಮುರಿಯುತ್ತವೆಂದು ನೋಡಿ, ದೋಷವನ್ನು ವರದಿಮಾಡುವುದೂ ಒಂದು ಸಾರ್ಥಕ ಕೆಲಸ.

ಇನ್ನು ಕೆಲವು ಚಿಕ್ಕ ಕೆಲಸಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎಕ್ಸೆಲ್ ಹಾಳೆಗೆ ಹಾಕಿದಾಗ ಕೆಲವು ಜೀನುಗಳ ಹೆಸರುಗಳು ಸೆಪ್ಟೆಂಬರ್, ಮಾರ್ಚ್ ತಿಂಗಳುಗಳ ದಿನಾಂಕಗಳಾಗಿ ಬದಲಾಗಿಬಿಡುವುದರಿಂದ, ಎಕ್ಸೆಲ್ ಜೀನುಪಟ್ಟಿಗಳನ್ನು ಅನುಬಂಧವಾಗಿ ಕೊಟ್ಟ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದು ಪಾಲು ದೋಷಯುಕ್ತವೆಂದು 2016ರ ಒಂದು ಪರಿಶೀಲನೆ ತೋರಿಸಿತು. 2020ರ ವೇಳೆಗೆ ಮಾನವ ಜೀನುಗಳ ನಾಮಕರಣ ಸಮಿತಿಯೇ ಅಂಥ ಹೆಸರುಗಳನ್ನು ಬದಲಾಯಿಸಬೇಕಾಯಿತು. ಹಳೆಯ ಕಡತಗಳಲ್ಲಿ ಹೀಗೆ ಕೆಟ್ಟುಹೋದ ಹೆಸರುಗಳನ್ನು ಪತ್ತೆಹಚ್ಚುವ ಪ್ರೋಗ್ರಾಮು ಪ್ರಥಮ ವರ್ಷದವರಿಗೂ ಸಾಧ್ಯ. ಪ್ರಬಂಧದೊಡನೆ ಪ್ರಕಟವಾಗಿ, ಕರ್ತೃ ಬಿಟ್ಟುಹೋದ ಮೇಲೆ ಯಾರೂ ಸ್ಥಾಪಿಸಿಕೊಳ್ಳಲಾಗದೆ ಬಿದ್ದಿರುವ ಉಪಯುಕ್ತ ತಂತ್ರಾಂಶಗಳನ್ನು ಬಯೋಕೊಂಡ ಎಂಬ ಭಂಡಾರಕ್ಕೆ ಸೇರಿಸಿ, ಒಂದೇ ಆಜ್ಞೆಯಿಂದ ಸ್ಥಾಪನೆಯಾಗುವಂತೆ ಮಾಡುವುದು ಮತ್ತೊಂದು. ಇದರಲ್ಲಿ ಕೀರ್ತಿ ಕಡಿಮೆ, ಉಪಕಾರ ಅಪಾರ. ರಾಮಚಂದ್ರನ್ ಚಿತ್ರವನ್ನು ಬರೆಯುವ ಪ್ರೋಗ್ರಾಮುಗಳು ಈಗಾಗಲೇ ಹೇರಳವಾಗಿವೆ. ಕಲಿಯುವುದಕ್ಕಾಗಿ ಅವಶ್ಯವಾಗಿ ಒಂದನ್ನು ಬರೆಯಿರಿ, ಆದರೆ ಅದನ್ನು ಹೊಸ ಶೋಧವೆಂದು ಒಪ್ಪಿಸಬೇಡಿ.

ಒಂದು ವಿಷಯದಲ್ಲಿ ವಿದ್ಯಾರ್ಥಿಗಳನ್ನು ಎಚ್ಚರಿಸದೆ ಇರಲಾರೆ. ಎಲೆಯ ಚಿತ್ರವನ್ನು ನೋಡಿ ರೋಗವನ್ನು ಹೇಳುವ ಕೃತಕ ಬುದ್ಧಿಮತ್ತೆಯ ಪ್ರಾಜೆಕ್ಟನ್ನು ಕಾಲೇಜುಗಳಲ್ಲಿ ವರ್ಷವರ್ಷವೂ ಮಾಡಿ, ಶೇಕಡ 99ರ ಯಶಸ್ಸನ್ನು ಬರೆದುಕೊಳ್ಳುವ ಅಭ್ಯಾಸ ಬೆಳೆದಿದೆ. ಇದಕ್ಕೆ ಸಾಮಾನ್ಯವಾಗಿ ಬಳಸುವ ಪ್ಲಾಂಟ್‌ವಿಲೇಜ್ ಸಂಗ್ರಹದ 54,306 ಚಿತ್ರಗಳು ಕಿತ್ತ ಎಲೆಯನ್ನು ಒಂದೇ ಬಗೆಯ ಸರಳ ಹಿನ್ನೆಲೆಯಲ್ಲಿ ಇಟ್ಟು ತೆಗೆದವು. 2016ರಲ್ಲಿ ಆ ಸಂಗ್ರಹದ ಮೇಲೆ ಪ್ರಸಿದ್ಧ ಪ್ರಬಂಧವನ್ನು ಬರೆದ ಮೊಹಾಂತಿ ಮತ್ತು ಸಂಗಡಿಗರೇ, ಸಂಗ್ರಹದೊಳಗಿನ ಚಿತ್ರಗಳಲ್ಲಿ ಶೇಕಡ 99ನ್ನು ಮೀರಿದ ತಮ್ಮ ಮಾದರಿಯ ನಿಖರತೆ, ಬೇರೆ ಕಡೆಯಿಂದ ತಂದ ಚಿತ್ರಗಳ ಮೇಲೆ ಶೇಕಡ 31ರ ಆಸುಪಾಸಿಗೆ ಕುಸಿಯಿತೆಂದು ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ. ಆ ಒಂದು ವಾಕ್ಯವನ್ನು ಓದದೆ ಅದೇ ಕೆಲಸವನ್ನು ಮತ್ತೆ ಮಾಡುವುದರಿಂದ ರಾಯಕೋಟೆಯ ರೈತನಿಗೆ ಯಾವ ಪ್ರಯೋಜನವೂ ಇಲ್ಲ. ಅಂಥ ತಂತ್ರಾಂಶ ಕೊಟ್ಟ ಸಲಹೆಯನ್ನು ನಂಬಿ ಔಷಧಿ ಹೊಡೆದರೆ ನಷ್ಟವೇ ಉಂಟು.

ಸಾಧನಗಳ ಮಾತಿಗೆ ಬರೋಣ. ಎಂಟು ಜಿಬಿ ಸ್ಮೃತಿಯುಳ್ಳ ಲ್ಯಾಪ್‌ಟಾಪು ಮೇಲೆ ಹೇಳಿದ ಬಹುಪಾಲು ಕೆಲಸಗಳಿಗೆ ಸಾಕು. ಅದೂ ಇಲ್ಲದವರು ಕಾಲೇಜಿನ ಪ್ರಯೋಗಾಲಯದ ಯಾವುದೇ ಕಂಪ್ಯೂಟರಿನ ಬ್ರೌಸರಿನಿಂದ ಗ್ಯಾಲಕ್ಸಿ ಎಂಬ ಸಾರ್ವಜನಿಕ ಸೇವೆಯನ್ನು ಉಚಿತವಾಗಿ ಬಳಸಬಹುದು. ಲೆಕ್ಕವೆಲ್ಲ ದೂರದ ಸರ್ವರಿನಲ್ಲಿ ನಡೆಯುತ್ತದೆ, ಕಲಿಯುವವರಿಗಾಗಿ ಹಂತಹಂತದ ಪಾಠಗಳೂ ಅಲ್ಲಿಯೇ ಇವೆ. ಪ್ರೋಗ್ರಾಂ ಬರೆಯುವ ಅಭ್ಯಾಸವೇ ಹೊಸದಾದವರು, ವಿಜ್ಞಾನಿ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಸ್ಮರಣೆಯಲ್ಲಿ ಹೆಸರಿಟ್ಟ ರೊಸಾಲಿಂಡ್ ಎಂಬ ಅಭ್ಯಾಸಮಾಲೆಯ ಮೊದಲ ಕೆಲವು ಲೆಕ್ಕಗಳನ್ನು, ಅಂದರೆ ಅಕ್ಷರಗಳನ್ನು ಎಣಿಸುವುದು, ಪೂರಕ ಎಳೆಯನ್ನು ಬರೆಯುವುದು ಮುಂತಾದವನ್ನು, ಯಾರ ನೆರವೂ ಇಲ್ಲದೆ ಬಿಡಿಸಲಿ. ಜೆನ್‌ಬ್ಯಾಂಕಿನಿಂದ ಅನುಕ್ರಮಗಳನ್ನು ಪ್ರೋಗ್ರಾಮಿನ ಮೂಲಕ ತರಿಸಿಕೊಳ್ಳುವಾಗ ನಿಮ್ಮ ಇ-ಮೇಲ್ ವಿಳಾಸವನ್ನು ತಿಳಿಸಬೇಕು. ಬಳಕೆದಾರರನ್ನು ಗುರುತಿಸಲು ಕೊಡುವ ಕೀಲಿಯನ್ನು (ಎಪಿಐ ಕೀ) ಪಡೆಯದವರು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಕೋರಿಕೆಗಳನ್ನು ಕಳಿಸಕೂಡದು. ಒಮ್ಮೆ ತಂದದ್ದನ್ನು ತರಿಸಿದ ದಿನಾಂಕದೊಡನೆ ಉಳಿಸಿಕೊಂಡು ಮತ್ತೆ ಮತ್ತೆ ಅದನ್ನೇ ಬಳಸಿದರೆ, ಹಳ್ಳಿಯಲ್ಲಿ ಇಂಟರ್ನೆಟ್ ಕೈಕೊಟ್ಟ ದಿನವೂ ಕೆಲಸ ನಿಲ್ಲುವುದಿಲ್ಲ.

ಮುಕ್ತ ತಂತ್ರಾಂಶಕ್ಕೆ ಕೊಡುಗೆ ಸಲ್ಲಿಸುವುದಕ್ಕೂ ಒಂದು ಶಿಷ್ಟಾಚಾರವುಂಟು. ಮೊದಲು ತಂತ್ರಾಂಶವನ್ನು ಕೆಲವು ವಾರ ಬಳಸಿ ನೋಡಬೇಕು. ಅನಂತರ ಅದರಲ್ಲಿ ಬಾಕಿಯಿರುವ ದೋಷಗಳ ಪಟ್ಟಿಯನ್ನು ಓದಿ, ಹೊಸಬರಿಗೆ ತಕ್ಕದ್ದೆಂದು ಗುರುತಿಸಿದ ಯಾವುದಾದರೊಂದನ್ನು ಆರಿಸಿಕೊಂಡು, ಇದನ್ನು ಹೀಗೆ ಸರಿಪಡಿಸಬೇಕೆಂದಿದ್ದೇನೆ ಎಂದು ಮುಂಚಿತವಾಗಿ ತಿಳಿಸಬೇಕು. ವಿವರಣೆಯಲ್ಲಿನ ಒಂದು ತಪ್ಪು ವಾಕ್ಯವನ್ನು ತಿದ್ದುವುದು ಉತ್ತಮವಾದ ಆರಂಭ. ಗಿಟ್ ಎಂಬ ಸಾಧನದಲ್ಲಿ ಪ್ರತಿಯೊಂದು ಬದಲಾವಣೆಯನ್ನೂ ಚಿಕ್ಕದಾಗಿ, ಕಾರಣಸಹಿತವಾಗಿ ದಾಖಲಿಸುತ್ತ ಹೋಗಬೇಕು. ನಿರ್ವಾಹಕರು ತಮ್ಮ ಉದ್ಯೋಗದ ನಡುವೆ ಬಿಡುವುಮಾಡಿಕೊಂಡು ಉತ್ತರಿಸುವ ಸ್ವಯಂಸೇವಕರಾದುದರಿಂದ, ಎರಡು ವಾರ ಮೌನವಾಗಿದ್ದರೂ ಅದನ್ನು ತಿರಸ್ಕಾರವೆಂದು ಎಣಿಸದೆ, ವಿನಯದಿಂದ ಒಮ್ಮೆ ನೆನಪಿಸಬಹುದು. ತಮ್ಮ ಇಂಗ್ಲಿಷು ಸೊಗಸಾಗಿಲ್ಲವೆಂದು ನಮ್ಮ ಹುಡುಗರು ಹಿಂಜರಿಯುತ್ತಾರೆ. ಆ ಹಿಂಜರಿಕೆಗೆ ಕಾರಣವಿಲ್ಲ. ಯಾವ ಕಡತವನ್ನು ಕೊಟ್ಟೆ, ಏನಾಗಬೇಕಿತ್ತು, ಏನಾಯಿತು ಎಂಬ ಮೂರು ಸರಳ ವಾಕ್ಯಗಳು ದೋಷವರದಿಗೆ ಸಾಲುತ್ತವೆ. ಕೃತಕ ಬುದ್ಧಿಮತ್ತೆಯಿಂದ ಕೋಡ್ ಬರೆಯಿಸಿಕೊಳ್ಳುವವರು, ಪ್ರತಿಯೊಂದು ಸಾಲೂ ಏಕೆ ಅಲ್ಲಿದೆಯೆಂದು ತಾವೇ ವಿವರಿಸಬಲ್ಲವರಾಗುವ ತನಕ ಅದನ್ನು ಸಲ್ಲಿಸಬಾರದು. ಪರಿಶೀಲಿಸುವವರ ಸಮಯವೂ ಒಂದು ದಾನವೆಂಬುದನ್ನು ಮರೆಯಬಾರದು.

ದತ್ತಾಂಶದ ಧರ್ಮವನ್ನೂ ತಿಳಿದಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ ಹತ್ತು ಸಾವಿರ ಭಾರತೀಯರ ಜೀನೋಮುಗಳು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದವಾದರೂ, ಅವು ಮನುಷ್ಯರ ಖಾಸಗಿ ಮಾಹಿತಿಯಾದುದರಿಂದ ಅನುಮತಿ ಪಡೆದವರಿಗೆ ಮಾತ್ರ ಸಿಕ್ಕುತ್ತವೆ. ಅದು ನ್ಯಾಯವೇ ಆಗಿದೆ. ಮನೆಯವರ ವೈದ್ಯಕೀಯ ವರದಿಗಳನ್ನು ಉದಾಹರಣೆಯ ಕಡತವೆಂದು ಮುಕ್ತ ಭಂಡಾರಕ್ಕೆ ಹಾಕುವ ಅವಿವೇಕವನ್ನು ಯಾರೂ ಮಾಡಕೂಡದು. ರೈತರಿಂದ ತಳಿಗಳ ವಿಷಯವನ್ನೋ ನಾಟಿ ಔಷಧಿಯ ವಿಷಯವನ್ನೋ ಕೇಳಿ ಬರೆದುಕೊಳ್ಳುವಾಗ, ಇದು ಎಲ್ಲರಿಗೂ ಕಾಣುವ ಕಡೆ ಹೋಗುತ್ತದೆಂದು ಅವರಿಗೆ ಅವರ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ಸಮಿತಿಗಳಿರತಕ್ಕದ್ದು; ಪಂಚಾಯತಿಯಲ್ಲಿ ವಿಚಾರಿಸಿಕೊಂಡು ಮುಂದುವರಿಯುವುದು ಕ್ಷೇಮ.

ಈ ಹಾದಿಯಲ್ಲಿ ಸ್ವಲ್ಪ ದೂರ ನಡೆದವರು ಸಮ್ಮರ್ ಆಫ್ ಕೋಡ್ ಯೋಜನೆಗೆ ಅರ್ಜಿ ಹಾಕಬಹುದು. ಹದಿನೆಂಟು ವರ್ಷ ತುಂಬಿರಬೇಕು. 2022ರಿಂದ ಈಚೆಗೆ ವಿದ್ಯಾರ್ಥಿಯೇ ಆಗಿರಬೇಕೆಂಬ ನಿಬಂಧನೆಯೂ ಇಲ್ಲ. ಕೆಲಸಗಳು 90, 175, 350 ಗಂಟೆಗಳ ಪ್ರಮಾಣದವಾಗಿದ್ದು, ಮುಗಿಸಿದವರಿಗೆ ಗೌರವಧನ ದೊರೆಯುತ್ತದೆ. ಓಪನ್ ಬಯೋಇನ್ಫರ್ಮ್ಯಾಟಿಕ್ಸ್ ಫೌಂಡೇಶನ್ 2010ರಿಂದ ಹಲವು ವರ್ಷ ಇದರಲ್ಲಿ ಮಾರ್ಗದರ್ಶಕ ಸಂಸ್ಥೆಯಾಗಿ ಭಾಗವಹಿಸಿದೆ. ಭಾಗವಹಿಸುವ ಸಂಸ್ಥೆಗಳ ಪಟ್ಟಿ ಪ್ರತಿವರ್ಷವೂ ಬದಲಾಗುವುದರಿಂದ ವರ್ಷಾರಂಭದಲ್ಲಿಯೇ ಅದನ್ನು ನೋಡಿಕೊಳ್ಳಬೇಕು. ಪಟ್ಟಿ ಬಂದ ಮೇಲೆ ಪರಿಚಯಮಾಡಿಕೊಳ್ಳಹೊರಟವನಿಗಿಂತ, ಅದಕ್ಕೆ ಆರು ತಿಂಗಳ ಮೊದಲೇ ಒಂದೆರಡು ಚಿಕ್ಕ ತಿದ್ದುಪಡಿಗಳನ್ನು ಸಲ್ಲಿಸಿದವನ ಅರ್ಜಿಗೆ ಸಹಜವಾಗಿ ಹೆಚ್ಚಿನ ತೂಕವಿರುತ್ತದೆ.

ಆಯ್ಕೆಯಾಗಲಿ ಆಗದಿರಲಿ, ಮುಗಿದ ಕೆಲಸವನ್ನು ಉಳಿಸುವ ಮಾರ್ಗ ಎಲ್ಲರಿಗೂ ಇದೆ. ಕೋಡಿನೊಡನೆ ಎಂಐಟಿ ಅಥವಾ ಬಿಎಸ್‌ಡಿಯಂಥ ಒಂದು ಪರವಾನಗಿಯ ಕಡತವನ್ನು ಇಡಿ. ಅದಿಲ್ಲದಿದ್ದರೆ ಕೋಡ್ ಕಣ್ಣಿಗೆ ಕಂಡರೂ ಬಳಸುವ ಹಕ್ಕು ಯಾರಿಗೂ ಇರುವುದಿಲ್ಲ. ಹೇಗೆ ಸ್ಥಾಪಿಸಬೇಕು, ಮೊದಲ ಉದಾಹರಣೆಯನ್ನು ಹೇಗೆ ನಡೆಸಬೇಕು ಎಂಬುದನ್ನು ಇಂಗ್ಲಿಷಿನಲ್ಲಿ ಒಂದು ಪುಟ, ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಯೂರೋಪಿನ ಸರ್ನ್ ನಡೆಸುವ ಝೆನೊಡೊ ಭಂಡಾರದಲ್ಲಿ ಇಟ್ಟರೆ ಆ ಆವೃತ್ತಿಗೆ ಶಾಶ್ವತವಾದ ಸಂಖ್ಯೆಯೊಂದು ದೊರೆತು, ಪ್ರಬಂಧಗಳು ಅದನ್ನು ಹೆಸರಿಸಿ ಉಲ್ಲೇಖಿಸಬಹುದಾಗುತ್ತದೆ. ಕೆಲಸ ಇನ್ನಷ್ಟು ಬಲಿತ ಮೇಲೆ, ಲೇಖಕರಿಂದ ಶುಲ್ಕವನ್ನು ತೆಗೆದುಕೊಳ್ಳದ, 2016ರಲ್ಲಿ ಆರಂಭವಾದ ಜರ್ನಲ್ ಆಫ್ ಓಪನ್ ಸೋರ್ಸ್ ಸಾಫ್ಟ್‌ವೇರ್ ಎಂಬ ಪತ್ರಿಕೆಗೆ ಕಳಿಸಿ. ಅಲ್ಲಿ ಪ್ರಬಂಧ ಚಿಕ್ಕದು. ಪರಿಶೀಲಕರು ಮುಖ್ಯವಾಗಿ ನೋಡುವುದು ಮುಕ್ತ ಪರವಾನಗಿಯನ್ನು, ವಿವರಣೆಯನ್ನು, ಪರೀಕ್ಷೆಗಳನ್ನು, ಮತ್ತು ತಮ್ಮ ಕಂಪ್ಯೂಟರಿನಲ್ಲಿಯೂ ನಿಮ್ಮ ತಂತ್ರಾಂಶ ಹೇಳಿದಂತೆ ನಡೆಯುತ್ತದೆಯೇ ಎಂಬುದನ್ನು. ಒಂದೆರಡು ದಿನಗಳಲ್ಲಿ ಬರೆದು ಮುಗಿಸಬಹುದಾದಷ್ಟು ಅಲ್ಪ ಗಾತ್ರದ ಕೆಲಸವನ್ನು ಆ ಪತ್ರಿಕೆ ಸ್ವೀಕರಿಸುವುದಿಲ್ಲವಾದಕಾರಣ, ವರ್ತುಲವನ್ನು ತಿರುಗಿಸುವ ಸಾಧನವೊಂದನ್ನೇ ಕಳಿಸದೆ, ಹೋಲಿಕೆಯ ಕೋಷ್ಟಕವನ್ನೂ ವಂಶವೃಕ್ಷವನ್ನು ಬರೆಯುವ ಒಂದು ಭಾಗವನ್ನೂ ಸೇರಿಸಿ, ಕೆಲವು ತಿಂಗಳು ಇತರರು ಬಳಸಿ ಹೇಳಿದ ದೋಷಗಳನ್ನು ತಿದ್ದಿ, ಆ ಬಳಿಕ ಕಳಿಸುವುದು ಯುಕ್ತ.